ಎಸ್.ಪಿ. ರಸ್ತೆಗೆ ಎರಡು ಪ್ರಯಾಣ

ಬೆಂಗಳೂರಿನ ಪುರಭವನದ ಬಳಿ ಬಸ್ಸಿಳಿದು ಎಸ್.ಪಿ. ರಸ್ತೆಗೆ ದಾರಿ ಕೇಳಿದರೆ, ಕೈ ತೋರಿಸುವ ಮೊದಲು ಅವರೇ ಒಂದು ಪ್ರಶ್ನೆ ಹಾಕುವುದುಂಟು: ‘ಕಂಪ್ಯೂಟರಾ, ಮೋಟರಾ?’ ಎರಡೂ ಅಲ್ಲಿವೆ. ನೀರೆತ್ತುವ ಪಂಪು, ವೈರಿನ ಸುರುಳಿ, ಸ್ವಿಚ್ಚು, ಬೆಸುಗೆ ಕಡ್ಡಿ, ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ಬೇಕಾದ ಬೆರಳಗಲದ ಬಿಡಿಭಾಗಗಳು ಎಲ್ಲವೂ ಒಂದರ ಮಗ್ಗುಲಲ್ಲಿ ಒಂದು ಕೂತಿರುತ್ತವೆ. ಅವುಗಳ ನಡುವೆಯೇ, ಕೆಲವು ಕಡೆ ಇಬ್ಬರು ನಿಲ್ಲಲೂ ಜಾಗವಿಲ್ಲದ ಮಳಿಗೆಗಳಲ್ಲಿ, ಗಣಕಯಂತ್ರದ ವ್ಯಾಪಾರ.

1537ರಲ್ಲಿ ಕೆಂಪೇಗೌಡರು ಕಟ್ಟಿಸಿದರೆಂದು ಹೇಳುವ ಈ ಪೇಟೆಯಲ್ಲಿ ಒಂದೊಂದು ಬೀದಿಗೂ ಒಂದೊಂದು ಕಸುಬಿನ ಹೆಸರು. ಅಕ್ಕಿಪೇಟೆ, ಅರಳೆಪೇಟೆ, ತರಗುಪೇಟೆ, ಕುಂಬಾರಪೇಟೆ. ಗಣಕಪೇಟೆ ಎಂಬ ಹೆಸರನ್ನು ಯಾರೂ ಇಡಲಿಲ್ಲ, ಆದರೆ ಈ ರಸ್ತೆಗೆ ಅದು ಒಪ್ಪುತ್ತಿತ್ತು. ಎಸ್.ಪಿ. ಎಂದರೆ ಪತ್ರಪ್ಪನವರ ಹೆಸರು. ಅದನ್ನು ಕೆಲವರು ಸಾದರ ಪತ್ರಪ್ಪ ಎಂದರೆ ಕೆಲವರು ಸರ್ದಾರ್ ಪತ್ರಪ್ಪ ಎನ್ನುತ್ತಾರೆ. ಗಿರಾಕಿಗಳಿಗೆ ಆ ಗೋಜೇ ಇಲ್ಲ. ‘ಎಸ್ಪಿ ರೋಡ್’ ಎಂದರೆ ಮುಗಿಯಿತು.

ಕಂಪನಿಗಳ ಸಿದ್ಧ ಯಂತ್ರ ಸಾಮಾನ್ಯ ಸಂಸಾರಕ್ಕೆ ಎಟುಕದಿದ್ದ ತೊಂಬತ್ತರ ದಶಕದಲ್ಲಿ, ಬಿಡಿಭಾಗ ಕೊಂಡು ಜೋಡಿಸಿದ ‘ಅಸೆಂಬಲ್ಡ್’ ಯಂತ್ರಗಳು ಇಲ್ಲಿಂದಲೇ ಎಷ್ಟೋ ಮನೆಗಳಿಗೆ ಹೋದವು. ಆಮೇಲೆ ಲ್ಯಾಪ್‌ಟಾಪ್ ಬಂತು, ಮೊಬೈಲ್ ಬಂತು, ಮನೆಬಾಗಿಲಿಗೆ ತಂದುಕೊಡುವ ಆನ್‌ಲೈನ್ ವ್ಯಾಪಾರವೂ ಬಂತು. ಆದರೂ ಪ್ರತಿವರ್ಷ ಪಿ.ಯು. ಫಲಿತಾಂಶ ಬಂದು ಕಾಲೇಜು ಶುರುವಾಗುವ ಹೊತ್ತಿಗೆ, ಕೈಯಲ್ಲಿ ಚೀಟಿ ಹಿಡಿದ ತಂದೆತಾಯಂದಿರು ಈ ರಸ್ತೆಯಲ್ಲಿ ಕಾಣಿಸಿಕೊಳ್ಳುತ್ತಾರೆ.

2025ರ ಜೂನ್ ತಿಂಗಳಲ್ಲಿ ಹಾಗೆ ಬಂದವರಲ್ಲಿ ಮಾಗಡಿ ಕಡೆಯ ಒಬ್ಬ ಟೈಲರ್ ಮತ್ತು ಅವರ ಮಗಳು ಇದ್ದರು. ಮಗಳು ಮೂರು ವರ್ಷದ ಬಿ.ಸಿ.ಎ. ಸೇರಿದ್ದಳು. ಚೀಟಿ ಎತ್ತಿದ 40,000 ರೂಪಾಯಿ ಅವರ ಬಳಿ ಇತ್ತು. ಆ ಹಣಕ್ಕೆ ಮೊದಲೇ ಬೇರೊಂದು ಲೆಕ್ಕವಿತ್ತು: ಅಂಗಡಿಗೆ ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಯಂತ್ರ ತರಬೇಕೆಂದು ಎರಡು ವರ್ಷದಿಂದ ಅಂದುಕೊಂಡಿದ್ದರು. ಅದನ್ನು ಮುಂದಕ್ಕೆ ಹಾಕಿ ಬಂದಿದ್ದರು. ಕೊಂಡ ಗಣಕ ಕೈಕೊಟ್ಟರೆ ಅದೂ ಇಲ್ಲ, ಇದೂ ಇಲ್ಲ.

ಲ್ಯಾಪ್‌ಟಾಪ್ ಏಕೆ ಬೇಡ ಎಂಬ ಚರ್ಚೆ ಮನೆಯಲ್ಲೇ ಮುಗಿದಿತ್ತು. ಹಾಸ್ಟೆಲಿನಲ್ಲಿ ಇರುವವರಿಗೆ, ದಿನಾ ಕಾಲೇಜಿಗೆ ಹೊತ್ತೊಯ್ಯಬೇಕಾದವರಿಗೆ ಅದೇ ಸರಿ. ಈ ಹುಡುಗಿ ಮನೆಯಿಂದಲೇ ಓಡಾಡುವವಳು, ಕಾಲೇಜಿನಲ್ಲಿ ಲ್ಯಾಬು ಇದೆ. ಮೇಜಿನ ಮೇಲಿನ ಯಂತ್ರಕ್ಕೆ ಪರದೆ ದೊಡ್ಡದು, ಕತ್ತು ಬಗ್ಗಿಸಬೇಕಾಗಿಲ್ಲ, ಒಂದು ಭಾಗ ಕೆಟ್ಟರೆ ಅದೊಂದನ್ನೇ ಬದಲಾಯಿಸಬಹುದು. ಪಿ.ಯು. ಓದುವ ತಮ್ಮನೂ ಬಳಸಬಹುದು.

ಮೊದಲ ದಿನ: ಬರಿಗೈ

ಟೈಲರ್ ಮಾಡಿದ ಜಾಣತನವೆಂದರೆ ಮೊದಲ ಸಲ ಬಂದಾಗ ಹಣವನ್ನೇ ತಾರದೆ ಇದ್ದದ್ದು. ಜೇಬಿನಲ್ಲಿ ಹಣವಿದ್ದರೆ ಎಸ್.ಪಿ. ರಸ್ತೆಯಲ್ಲಿ ಅದು ತಾನೇ ಹೊರಬರುತ್ತದೆ. ಹತ್ತೂವರೆ, ಹನ್ನೊಂದರ ಹೊತ್ತಿಗೆ ಷಟರು ಎತ್ತುವ ಅಂಗಡಿಗಳಲ್ಲಿ ಬೆಳಗಿನ ಗಿರಾಕಿಗೆ ಸ್ವಲ್ಪ ಸಮಾಧಾನದ ಉತ್ತರ ಸಿಗುತ್ತದೆ. ಮಧ್ಯಾಹ್ನದ ಮೇಲೆ ತಳ್ಳುಗಾಡಿ, ಸ್ಕೂಟರು, ತಲೆಯ ಮೇಲೆ ಡಬ್ಬ ಹೊತ್ತ ಹಮಾಲಿಗಳ ನಡುವೆ ನಿಂತು ಮಾತಾಡುವುದೇ ಸಾಹಸ. ಭಾನುವಾರ ಬಂದವರಿಗೆ ಬಹುಪಾಲು ಮುಚ್ಚಿದ ಬಾಗಿಲುಗಳ ದರ್ಶನ.

ಮೊದಲ ಅಂಗಡಿಯವನು ಕೇಳಿದ್ದು ‘ಎಷ್ಟು ಬಜೆಟ್ಟು?’ ಎರಡನೆಯವನೂ ಅದನ್ನೇ ಕೇಳಿದ. ಮೂರನೆಯ ಅಂಗಡಿಯಲ್ಲಿದ್ದ ವಯಸ್ಸಾದವರು ಮಾತ್ರ ಹುಡುಗಿಯ ಕಡೆ ತಿರುಗಿ ‘ಏನು ಕೆಲಸ ಮಾಡ್ತೀಯಮ್ಮಾ ಇದರಲ್ಲಿ?’ ಎಂದರು. ಟೈಲರಿಗೆ ಅದು ಹಿಡಿಸಿತು. ಅಳತೆ ತೆಗೆಯದೆ ಬಟ್ಟೆಗೆ ಕತ್ತರಿ ಹಾಕುವವರನ್ನು ಅವರು ನಂಬುವವರಲ್ಲ.

ಪ್ರೋಗ್ರಾಂ ಬರೆಯುವುದು, ಡೇಟಾಬೇಸು, ಪಾಠದ ವಿಡಿಯೊ ನೋಡುವುದು, ಕನ್ನಡ–ಇಂಗ್ಲಿಷಿನಲ್ಲಿ ಟೈಪು ಮಾಡುವುದು. ಇಷ್ಟಕ್ಕೆ ನಾಲ್ಕು ಕೋರಿನ ಪ್ರೊಸೆಸರ್, 8 ಜಿಬಿ ರ‍್ಯಾಮ್, 500 ಜಿಬಿ ಆಸುಪಾಸಿನ ಎಸ್‌ಎಸ್‌ಡಿ, 22 ಇಂಚಿನ ಪರದೆ ಸಾಕೆಂದು ಅವರು ಚೀಟಿ ಬರೆದುಕೊಟ್ಟರು. ಮುಂದೆ ಬೇಕೆನಿಸಿದರೆ ಇನ್ನೊಂದು 8 ಜಿಬಿ ಪಟ್ಟಿಯನ್ನು ಸಿಕ್ಕಿಸಲು ಮದರ್‌ಬೋರ್ಡಿನಲ್ಲಿ ಒಂದು ಕಿಂಡಿ ಖಾಲಿ ಇರಬೇಕು ಎಂದೂ ಹೇಳಿದರು. ಹಳೆಯ ತಿರುಗುವ ಹಾರ್ಡ್ ಡಿಸ್ಕಿನಿಂದ ಎಸ್‌ಎಸ್‌ಡಿಗೆ ಬಂದವರಿಗೆ ಅನಿಸುವ ವೇಗದ ವ್ಯತ್ಯಾಸ, ಇಂಥ ಮನೆಗೆಲಸದಲ್ಲಿ, ದುಬಾರಿ ಪ್ರೊಸೆಸರ್ ಕೊಂಡವರಿಗೂ ಅನಿಸಲಿಕ್ಕಿಲ್ಲ.

ಮುಂದಿನ ತಿರುವಿನಲ್ಲಿ ಪರೀಕ್ಷೆ ಕಾದಿತ್ತು. ನಗರದ ಕಚೇರಿಗಳು ಬಳಸಿ ಬಿಟ್ಟ ಯಂತ್ರಗಳನ್ನು ಒರೆಸಿ, ಮೆರುಗು ಕೊಟ್ಟು ಸಾಲಾಗಿ ಇಟ್ಟ ಅಂಗಡಿ. ಬೆಲೆ ಅವರ ಬಜೆಟ್ಟಿನ ಅರ್ಧಕ್ಕೂ ಕಡಿಮೆ. ಮೇಲೊಂದು ‘ಐ5’ ಚೀಟಿ. ಐ3ಕ್ಕಿಂತ ಐ5 ದೊಡ್ಡದಲ್ಲವೇ? ಓವರ್‌ಲಾಕ್ ಯಂತ್ರವೂ ಬಂತು, ಗಣಕವೂ ಬಂತು ಎಂದು ತಂದೆಯ ಮನಸ್ಸು ಲೆಕ್ಕ ಹಾಕತೊಡಗಿತು.

ಇಲ್ಲಿ ಮಗಳು ಒಂದು ಪ್ರಶ್ನೆ ಕೇಳಿದಳು: ‘ಎಷ್ಟನೇ ಜನರೇಷನ್ನು?’ ಐ5 ಎಂಬುದು ಮನೆತನದ ಹೆಸರಿದ್ದಂತೆ. ತಾತನೋ ಮೊಮ್ಮಗನೋ ಎಂದು ಹೇಳುವುದು ಅದರ ಮುಂದಿನ ಅಂಕಿ. 6500 ಎಂದಿದ್ದರೆ ಆರನೆಯ ತಲೆಮಾರು, 8500 ಎಂದಿದ್ದರೆ ಎಂಟನೆಯದು, 12400 ಎಂದಿದ್ದರೆ ಹನ್ನೆರಡನೆಯದು. ಅಲ್ಲಿದ್ದದ್ದು 6500, ಅಂದರೆ 2015ರಲ್ಲಿ ಮಾರುಕಟ್ಟೆಗೆ ಬಂದ ಮಾದರಿ. ಇಂಟೆಲ್‌ನ ಎಂಟನೆಯ ತಲೆಮಾರಿಗಿಂತ ಹಳೆಯ ಇಂಥ ಯಂತ್ರಗಳನ್ನು ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದೆಂದು ಆಗಲೇ ಪ್ರಕಟವಾಗಿತ್ತು, ಹಾಗೆಯೇ ಮುಗಿಯಿತು ಕೂಡ. ಕಾಲೇಜು ಶುರುವಾದ ನಾಲ್ಕೇ ತಿಂಗಳಿಗೆ ಯಂತ್ರ ಅನಾಥ!

ಹಾಗೆಂದು ಹಳೆಯದನ್ನೆಲ್ಲ ಹೀಗಳೆಯುವುದು ತಪ್ಪು. 20,000 ರೂಪಾಯಿಯೂ ಕಷ್ಟವೆನ್ನುವ ಮನೆಗೆ ಎಂಟನೆಯ ತಲೆಮಾರಿನ, ಕೈಬರಹದಲ್ಲಾದರೂ ವಾರಂಟಿ ಬರೆದುಕೊಡುವ ಅಂಗಡಿಯ ಯಂತ್ರ ಒಳ್ಳೆಯ ಆಯ್ಕೆ. ಲಿನಕ್ಸ್ ಹಾಕಿಕೊಳ್ಳಲು ಸಿದ್ಧರಿದ್ದರೆ ಆರನೆಯ ತಲೆಮಾರಿನದೂ ದುಡಿಯುತ್ತದೆ. ಆದರೆ ಕಚೇರಿಯ ಸಣ್ಣ ಪೆಟ್ಟಿಗೆಗಳಲ್ಲಿ ಒಂದು ತೊಡಕಿದೆ: ಕೆಲವದರ ವಿದ್ಯುತ್ ಪೆಟ್ಟಿಗೆ ಆ ಕಂಪನಿಗೇ ವಿಶಿಷ್ಟವಾದ ಅಳತೆಯದು. ಕೆಟ್ಟರೆ ಬೀದಿಯ ಮಾಲು ಹೊಂದುವುದಿಲ್ಲ.

ಒಂದು ಅಕ್ಷರದ ಬೆಲೆ

ಮೂರು ಅಂಗಡಿಗಳ ಕೊಟೇಶನ್ ಹಿಡಿದು ಇಬ್ಬರೂ ಊರಿಗೆ ಮರಳಿದರು. ಬಸ್ಸಿನಲ್ಲಿ ಮೂರನ್ನೂ ಅಕ್ಕಪಕ್ಕ ಇಟ್ಟು ನೋಡುವಾಗ ಅತಿ ಅಗ್ಗದ ಚೀಟಿಯಲ್ಲಿ ಹುಡುಗಿಗೆ ಒಂದು ಅಕ್ಷರ ಕಂಡಿತು. ಉಳಿದೆರಡರಲ್ಲಿ ‘ಕೋರ್ ಐ3-12100’ ಎಂದಿದ್ದರೆ ಇದರಲ್ಲಿ ‘12100ಎಫ್’.

ಇಂಟೆಲ್ ಪ್ರೊಸೆಸರುಗಳ ಹೆಸರಿನ ಕೊನೆಯ ಎಫ್ ಎಂದರೆ ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಭಾಗ ಅದರೊಳಗೆ ಕೆಲಸ ಮಾಡುವುದಿಲ್ಲ ಎಂದರ್ಥ. ಬೇರೆ ಗ್ರಾಫಿಕ್ಸ್ ಕಾರ್ಡು ಹಾಕುವ ಆಟಗಾರರಿಗೆ ಅದು ಉಳಿತಾಯ. ಕಾರ್ಡಿಲ್ಲದವರು ಕೊಂಡರೆ ಫ್ಯಾನು ತಿರುಗುತ್ತದೆ, ದೀಪ ಹೊಳೆಯುತ್ತದೆ, ಪರದೆ ಮಾತ್ರ ಕಪ್ಪು. ಆ ಚೀಟಿಯಲ್ಲಿ ಕಾರ್ಡು ಇರಲಿಲ್ಲ. ಫೋನಿನಲ್ಲಿ ಕೇಳಿದಾಗ ಅಂಗಡಿಯವನು ‘ಕಾರ್ಡು ಬೇರೆ ಹಾಕಿಸ್ಕೊಳ್ಳಿ ಮೇಡಂ’ ಎಂದ. ಅವನದು ಮೋಸವೆನ್ನಲು ಬರುವುದಿಲ್ಲ. ಅವನ ಗಿರಾಕಿಗಳಲ್ಲಿ ಹೆಚ್ಚಿನವರು ಆಟದ ಹುಡುಗರೇ ಇರಬಹುದು. ಆದರೆ ಕಾರ್ಡಿನ ಬೆಲೆ ಸೇರಿಸಿದೊಡನೆ ಅಗ್ಗದ ಚೀಟಿ ಮೂರರಲ್ಲೂ ದುಬಾರಿಯಾಯಿತು. ಎಎಂಡಿ ಕೊಳ್ಳುವವರೂ ಇದೇ ಎಚ್ಚರ ವಹಿಸಬೇಕು. ಹಿಂದಿನ ಎಎಂ4 ಸಾಲಿನಲ್ಲಿ ಗ್ರಾಫಿಕ್ಸ್ ಇರುವ ರೈಜನ್‌ಗಳ ಹೆಸರಿನ ಕೊನೆಗೆ ಸಾಮಾನ್ಯವಾಗಿ ಜಿ ಅಕ್ಷರವಿರುತ್ತದೆ.

ಇನ್ನೊಂದು ಚೀಟಿಯಲ್ಲಿ ಬಣ್ಣದ ದೀಪಗಳ ಗಾಜಿನ ಪೆಟ್ಟಿಗೆ ಇತ್ತು, ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್‌ನ ಎದುರು ಬರೀ ‘450 ವ್ಯಾಟ್’ ಎಂದಿತ್ತು, ಕಂಪನಿಯ ಹೆಸರಿಲ್ಲ. ಮನೆಗಳಲ್ಲಿ ಈ ತಪ್ಪು ಪದೇಪದೇ ಆಗುತ್ತದೆ. ಕಣ್ಣಿಗೆ ಕಾಣುವ ಪೆಟ್ಟಿಗೆಗೆ ಹಣ ಸುರಿದು, ಕಾಣದ ಎಸ್‌ಎಂಪಿಎಸ್‌ನಲ್ಲಿ ಉಳಿಸುತ್ತಾರೆ. ಕಳಪೆ ಎಸ್‌ಎಂಪಿಎಸ್ ಸಾಯುವಾಗ ಮದರ್‌ಬೋರ್ಡನ್ನೂ ಜೊತೆಗೆ ಒಯ್ಯಬಹುದು. ಬೇಸಿಗೆಯ ಗುಡುಗು ಮಳೆಗೆ ಕರೆಂಟು ಹತ್ತು ಸಲ ಹೋಗಿ ಬರುವ ಊರಿನಲ್ಲಂತೂ ಅದಕ್ಕೂ ಯುಪಿಎಸ್‌ಗೂ ಹಣ ಎತ್ತಿಟ್ಟ ಮೇಲೆಯೇ ಬಣ್ಣದ ದೀಪದ ಮಾತು. 600 ವಿಎ ಯುಪಿಎಸ್ ಇಂಥ ಯಂತ್ರವನ್ನು ಗಂಟೆಗಟ್ಟಲೆ ನಡೆಸುವುದಿಲ್ಲ. ಬರೆದದ್ದನ್ನು ಉಳಿಸಿ, ನೆಟ್ಟಗೆ ಮುಚ್ಚಲು ಬೇಕಾದ ಕೆಲವು ನಿಮಿಷ ಕೊಡುತ್ತದೆ, ಅಷ್ಟೇ. ಮನೆಯ ಗೋಡೆಯ ಸಾಕೆಟ್ಟಿಗೆ ಅರ್ಥಿಂಗ್ ಇದೆಯೇ ಎಂದು ಊರಿನ ಎಲೆಕ್ಟ್ರಿಷಿಯನ್ ಕೈಲಿ ನೋಡಿಸುವುದಕ್ಕೆ ಎಸ್.ಪಿ. ರಸ್ತೆಯವರೆಗೆ ಬರಬೇಕಾಗಿಲ್ಲ.

ಎರಡನೆಯ ದಿನ: ತಿರುಪುಳಿಯ ಮುಂದೆ

ಮುಂದಿನ ವಾರ ಹಣದೊಂದಿಗೆ ಬಂದವರು ವಯಸ್ಸಾದವರ ಅಂಗಡಿಗೇ ಹೋದರು. ಅಲ್ಲಿ ಬೆಲೆ ಸ್ವಲ್ಪ ಹೆಚ್ಚೇ ಇತ್ತು. ಆದರೆ ಬಿಲ್ಲು ಜಿಎಸ್‌ಟಿ ಸಹಿತ, ಪ್ರತಿ ಭಾಗದ ಸರಣಿ ಸಂಖ್ಯೆಯೂ ಅದರಲ್ಲಿ ನಮೂದು. ಇದು ಮುಖ್ಯ. ಜೋಡಿಸಿದ ಯಂತ್ರಕ್ಕೆ ಒಟ್ಟಾಗಿ ಒಂದು ವಾರಂಟಿ ಇಲ್ಲ. ಪ್ರೊಸೆಸರಿಗೊಂದು, ಎಸ್‌ಎಸ್‌ಡಿಗೊಂದು, ಪರದೆಗೊಂದು, ಹೀಗೆ ಬೇರೆಬೇರೆ. ಪ್ರೊಸೆಸರ್ ಕಂಪನಿಯ ಮೊಹರಿನ ಡಬ್ಬದಲ್ಲೇ ಬಂದಿದ್ದರೆ ಕಂಪನಿಯದೇ ಮೂರು ವರ್ಷದ ವಾರಂಟಿ, ಬಿ.ಸಿ.ಎ. ಮುಗಿಯುವವರೆಗೆ. ಡಬ್ಬವಿಲ್ಲದೆ ಬಿಡಿಯಾಗಿ ಮಾರುವ ‘ಟ್ರೇ’ ಮಾಲು ಅಗ್ಗ. ಅದಕ್ಕೆ ಜವಾಬ್ದಾರಿ ಅಂಗಡಿಯವನ ಬಾಯಿಮಾತು.

ಒಳಗಿನ ಹುಡುಗ ಜೋಡಿಸಲು ಕೂತಾಗ ಟೈಲರ್ ಕುರ್ಚಿ ಎಳೆದುಕೊಂಡು ಎದುರಿಗೇ ಕೂತರು. ಕಸುಬುದಾರನ ಕೈಯನ್ನು ಇನ್ನೊಬ್ಬ ಕಸುಬುದಾರ ನೋಡುವ ನೋಟವೇ ಬೇರೆ. ಮದರ್‌ಬೋರ್ಡಿನ ಗೂಡಿನಲ್ಲಿ ಕೂದಲೆಳೆಯಂಥ ಸಾವಿರಾರು ಸೂಜಿಗಳು. ಅವುಗಳ ಮೇಲೆ ಪ್ರೊಸೆಸರನ್ನು ಒತ್ತಡ ಹಾಕದೆ ಇಳಿಬಿಡಬೇಕು. ಒಂದು ಸೂಜಿ ಬಾಗಿದರೂ ಬೋರ್ಡು ಹಾಳಾಗಬಹುದು. ಹುಡುಗ ಉಸಿರು ಬಿಗಿಹಿಡಿದಂತೆ ಇಳಿಸಿ, ಕೊಂಡಿ ಹಾಕಿದ. ಶಾಖ ಹೀರುವ ಫ್ಯಾನು ಕೂರಿಸಿದ. ರ‍್ಯಾಮ್ ಪಟ್ಟಿ ಟಿಕ್ಕೆಂದಿತು. ಚೂಯಿಂಗ್ ಗಮ್ಮಿನ ತುಂಡಿನಂಥ ಎಸ್‌ಎಸ್‌ಡಿಯನ್ನು ಒಂದೇ ತಿರುಪಿನಿಂದ ಬಿಗಿದ. ಮುಕ್ಕಾಲು ಗಂಟೆಯಲ್ಲಿ ಪರದೆಯ ಮೇಲೆ ಅಕ್ಷರ ಮೂಡಿತು. ಮಗಳು ಪ್ರೊಸೆಸರಿನ ಹೆಸರನ್ನು ಚೀಟಿಯೊಂದಿಗೆ ತಾಳೆ ನೋಡಿದಳು. ಎಫ್ ಇರಲಿಲ್ಲ.

‘ವಿಂಡೋಸ್ ಹಾಕಿಕೊಡ್ಲಾ?’ ಎಂದ ಹುಡುಗ. ಈ ರಸ್ತೆಯಲ್ಲಿ ಆ ಮಾತಿಗೆ ಎರಡು ಅರ್ಥ. ಪರವಾನಗಿಯ ಹಣ ಕೊಟ್ಟು ಹಾಕಿಸುವುದು ಒಂದು. ಕಳ್ಳ ಪ್ರತಿ ಇನ್ನೊಂದು. ಕಳ್ಳ ಪ್ರತಿಯ ಜೊತೆಗೆ ಯಾವ ಹುಳ ಬರುತ್ತದೋ ಬಲ್ಲವರಿಲ್ಲ, ಅದೇ ಯಂತ್ರದಲ್ಲಿ ನಾಳೆ ಅಪ್ಪನ ಬ್ಯಾಂಕ್ ವ್ಯವಹಾರವೂ ನಡೆಯಬಹುದು. ಪರವಾನಗಿಗೆ ಕೊಡಲು ಇವರಲ್ಲಿ ಹಣವಿರಲಿಲ್ಲ. ಮಗಳು ಉಬುಂಟು ಹಾಕಿಸಿಕೊಂಡಳು. ಅದು ಉಚಿತ, ಬಿ.ಸಿ.ಎ. ಪಾಠಕ್ಕೆ ಸಾಕು, ಪತ್ರ ಬರೆಯಲು, ಲೆಕ್ಕ ಮಾಡಲು ಲಿಬ್ರೆಆಫೀಸ್ ಇದೆ. ಕನ್ನಡ ಗಣಕ ಪರಿಷತ್ತಿನ ಹೆಸರಿನ ಕಗಪ ಕೀಲಿಮಣೆ ವಿನ್ಯಾಸವೂ ಅದರಲ್ಲೇ ಸಿಗುತ್ತದೆ. ಹುಡುಗ ಅದನ್ನು ಆರಿಸಿಕೊಟ್ಟಾಗ ಅವಳು ಮೊದಲು ಟೈಪು ಮಾಡಿದ್ದು ಅಪ್ಪನ ಅಂಗಡಿಯ ಹೆಸರನ್ನು. ಒತ್ತಕ್ಷರ ಮೊದಲ ಸಲ ತಪ್ಪಿತು, ಎರಡನೆಯ ಸಲ ಕೂತಿತು.

ಅದೇ ವರ್ಷದ ಕೊನೆಗೆ, ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಗಣಕ ಕೇಂದ್ರಗಳ ಬೇಡಿಕೆಯಿಂದ, ಜಗತ್ತಿನಾದ್ಯಂತ ರ‍್ಯಾಮ್ ಬೆಲೆ ಜಿಗಿಯಿತು. ಆಗ ಕೊಳ್ಳಲು ಹೊರಟವರ ಚೀಟಿಗಳೆಲ್ಲ ಬದಲಾದವು. ಜೂನಿನಲ್ಲಿ ಆ ಅಪ್ಪ–ಮಗಳಿಗೆ ಅದು ಗೊತ್ತಿರಲು ಸಾಧ್ಯವಿರಲಿಲ್ಲ.

ಯುಪಿಎಸ್ ಸೇರಿ ಎಲ್ಲ ಮುಗಿದ ಮೇಲೆ ಮೂರು ಸಾವಿರ ಚಿಲ್ಲರೆ ಉಳಿಯಿತು. ಪರದೆಯ ಡಬ್ಬ ಮಗಳ ಕೈಯಲ್ಲಿ, ಪೆಟ್ಟಿಗೆ ತಂದೆಯ ಹೆಗಲ ಮೇಲೆ, ಯುಪಿಎಸ್ ಚೀಲದಲ್ಲಿ. ಕೃಷ್ಣರಾಜ ಮಾರುಕಟ್ಟೆಯ ಕಡೆ ನಡೆಯುವಾಗ ಟೈಲರ್ ಒಂದು ಅಂಗಡಿಯ ಮುಂದೆ ನಿಂತು ಪೆಟ್ಟಿಗೆಯನ್ನು ಕಟ್ಟೆಯ ಮೇಲಿಳಿಸಿದರು. ಹೊಲಿಗೆ ಯಂತ್ರಕ್ಕೆ ಕೂರಿಸುವ ಪುಟ್ಟ ಮೋಟರಿನ ಬೆಲೆ ವಿಚಾರಿಸಿದರು. ಎಷ್ಟು ವ್ಯಾಟು, ವಾರಂಟಿ ಎಷ್ಟು ತಿಂಗಳು, ಬಿಲ್ಲಿನಲ್ಲಿ ನಂಬರು ಬರೆದುಕೊಡುತ್ತೀರಾ ಎಂದೂ ಕೇಳಿದರು. ಉತ್ತರಗಳನ್ನು ಹಳೆಯ ಕೊಟೇಶನ್ನಿನ ಬೆನ್ನಿಗೆ ಮಗಳ ಕೈಲಿ ಬರೆಸಿ ಜೇಬಿಗೆ ಸೇರಿಸಿ, ಪೆಟ್ಟಿಗೆಯನ್ನು ಮತ್ತೆ ಹೆಗಲಿಗೇರಿಸಿದರು. ಮಾಗಡಿ ಬಸ್ಸಿಗೆ ಇನ್ನೂ ಹೊತ್ತಿತ್ತು.