ಕಾರಿನೊಳಗಣ ಮಳೆ

ಮನೆ ಸೋರಿದರೆ ನೆರೆಹೊರೆಯವರು ಅಯ್ಯೋ ಎನ್ನುತ್ತಾರೆ. ಕಾರು ಸೋರಿದರೆ ಅವರೇ ನಗುತ್ತಾರೆ. ಕಾರಿಟ್ಟುಕೊಂಡವರಿಗೆ ಕಷ್ಟವೆಂಬುದು ಇರಲಾರದೆಂದು ಲೋಕದ ಎಣಿಕೆ. ವಾಚಕರು ಆ ಎಣಿಕೆಯನ್ನು ಸ್ವಲ್ಪ ಹೊತ್ತು ಬದಿಗಿಡಬೇಕೆಂದು ನನ್ನ ಬಿನ್ನಹ. ನಮ್ಮ ಮನೆಯ ಕಾರು ಶೋಕಿಯ ಕಾರಲ್ಲ, ದುಡಿಯುವ ಕಾರು. ಚಳಿಗಾಲದಲ್ಲಿ ಹೊಸಪೇಟೆಯ ರೈಲುನಿಲ್ದಾಣದಿಂದ ಹಂಪಿಗೆ ಪ್ರವಾಸಿಗಳನ್ನು ಒಯ್ಯುವುದು, ಬೇಸಗೆಯಲ್ಲಿ ಮದುವೆಯ ದಿಬ್ಬಣ, ಉಳಿದ ದಿನಗಳಲ್ಲಿ ಬಾಣಂತಿ, ರೋಗಿ, ಕೋರ್ಟಿನ ಕಕ್ಷಿಗಾರ, ಯಾರು ಕರೆದರೆ ಅವರು. ನಮ್ಮ ತಂದೆಯವರೇ ಅದರ ಮಾಲೀಕರು, ಚಾಲಕರು, ತೊಳೆಯುವವರು. 2019ರಲ್ಲಿ ಸಂಡೂರಿನವರೊಬ್ಬರಿಂದ ಕೈ ಬದಲಾಗಿ ಬಂದ ಆ ಬಿಳಿಯ ಕಾರು ದುಡಿದು ತಂದ ಹಣದಿಂದಲೇ ನನ್ನ ಕಾಲೇಜಿನ ಫೀಜು ಸಂದಿದೆ. ತಂಗಿಗೆ ಸೈಕಲ್ಲು ಬಂದಿದೆ.

ಕಥೆ ಆರಂಭವಾದದ್ದು 2024ರ ಜುಲೈ ತಿಂಗಳಲ್ಲಿ. ಕಂಪ್ಲಿಯಲ್ಲಿರುವ ನಮ್ಮ ಅಜ್ಜಿಗೆ ಆಗಷ್ಟೇ ಕಣ್ಣಿನ ಪೊರೆ ತೆಗೆಸಲಾಗಿತ್ತು. ಹೊಸಪೇಟೆಯ ವೈದ್ಯರಲ್ಲಿಗೆ ಆಗಾಗ ತೋರಿಸಲು ಕರೆತರಬೇಕಾಗಿತ್ತು. ಅಜ್ಜಿ ಎಲ್ಲಿಗೆ ಹೊರಟರೂ ಮಡಿಲಲ್ಲಿ ಒಂದು ತಾಮ್ರದ ತಂಬಿಗೆ, ತಂಬಿಗೆಯ ತುಂಬ ಕಂಪ್ಲಿಯ ನೀರು. ಹೊಸಪೇಟೆಯ ನೀರು ಸಪ್ಪೆಯಂತೆ! ಅಣೆಕಟ್ಟಿನಿಂದ ಇಳಿದು ಕಂಪ್ಲಿಗೆ ಹರಿಯುವುದು ಅದೇ ತುಂಗಭದ್ರೆಯೆಂದು ನಾನು ಎಷ್ಟೋ ಸಲ ಭೂಪಟ ಹಿಡಿದು ವಾದಿಸಿ ಸೋತಿದ್ದೇನೆ.

ಆ ದಿನ ಮಳೆಯಲ್ಲೇ ಬಂದರು. ಅಜ್ಜಿ ಕಾರಿಳಿದ ಮೇಲೆ ತಂದೆಯವರು ನೋಡುತ್ತಾರೆ, ಮುಂದಿನ ಎಡಗಡೆಯ ಸೀಟಿನ ಕಾಲಬಳಿ ನೆಲಹಾಸು ಒದ್ದೆ.

"ಅವ್ವಾ, ಈ ತಂಬಿಗೆ ಯಾಕೆ ಹೊತ್ತು ತಿರುಗ್ತೀಯವ್ವಾ? ನೋಡು, ಕಾರೆಲ್ಲ ಹಸಿಯಾಗೈತೆ."

"ನನ್ನ ತಂಬಿಗೆ ತುಳುಕಿಲ್ಲಪ್ಪಾ."

"ಮತ್ತೆ ಆ ನೀರು ಮುಗಿಲಿಂದ ಬಿತ್ತೇನು?"

ಅಜ್ಜಿ ಮರುಮಾತಾಡಲಿಲ್ಲ. ಮುಂದಿನ ಸಲ ಕರೆತರಲು ಹೋದಾಗ ಆಕೆ ಮನೆಯಲ್ಲಿರಲಿಲ್ಲ. ಬೆಳಗಿನ ಬಸ್ಸಿಗೇ ಹೊಸಪೇಟೆಗೆ ಹೊರಟುಹೋಗಿದ್ದರು. "ಸರ್ಕಾರ ಹೆಣ್ಣುಮಕ್ಕಳಿಗೆ ಪುಕ್ಕಟೆ ಬಸ್ಸು ಬಿಟ್ಟೈತೆ, ನಿಮ್ಮ ಕಾರು ಯಾಕೆ ಬೇಕು?" ಎಂದು ನೆರೆಮನೆಯವರ ಕೂಡ ಹೇಳಿ ಹೋಗಿದ್ದರು. ಧೂಳು ತಾಗಕೂಡದೆಂದು ವೈದ್ಯರು ಎಚ್ಚರಿಸಿದ್ದ ಕಣ್ಣನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಬಸ್ಸಿನ ಕಿಟಕಿಯ ಬಳಿ ಕುಳಿತು ಬಂದ ಆ ಮುದುಕಿಯನ್ನು ನೆನೆದರೆ ಇಂದಿಗೂ ನನಗೆ ಕಸಿವಿಸಿಯಾಗುತ್ತದೆ. ಆ ಸಲ ಕೈಯಲ್ಲಿ ತಂಬಿಗೆಯೂ ಇರಲಿಲ್ಲ.

ಅದಾದ ಕೆಲವೇ ದಿನಗಳಲ್ಲಿ ಒಂದು ರಾತ್ರಿ ಮಳೆ ಸುರಿಯಿತು. ಕಾರು ಮನೆಯ ಮುಂದೆ ಬೇವಿನ ಮರದ ಕೆಳಗೆ ನಿಂತೇ ಇತ್ತು. ಅಜ್ಜಿಯೂ ಇಲ್ಲ, ತಂಬಿಗೆಯೂ ಇಲ್ಲ. ಬೆಳಗ್ಗೆ ಬಾಗಿಲು ತೆರೆದರೆ ನೆಲಹಾಸು ಮತ್ತೆ ಒದ್ದೆ. ತಂದೆಯವರು ಬಹಳ ಹೊತ್ತು ಅದನ್ನು ನೋಡುತ್ತ ನಿಂತರು. ಏನೂ ಹೇಳಲಿಲ್ಲ. ಹೇಳದಿದ್ದುದರಿಂದಲೇ ನನಗೆಲ್ಲ ತಿಳಿಯಿತು.

ಮುಂದೆ ನಡೆದುದು ಪಂಡಿತರ ಮೆರವಣಿಗೆ. ಒಬ್ಬ ಮೆಕ್ಯಾನಿಕ್ಕರು ಮುಂಗಾಜಿನ ಸುತ್ತ ಸಿಲಿಕೋನ್ ಬಳಿದರು. ಇನ್ನೊಬ್ಬರು, ಹಿಂದಿನ ಸೀಟಿನ ಬಳಿಯೂ ತೇವವಿರುವುದನ್ನು ಕಂಡು, ಹಿಂಬಾಗಿಲ ರಬ್ಬರಿನದೇ ತಪ್ಪೆಂದು ಅದನ್ನು ಬದಲಿಸಿದರು. ಕಾರು ತೊಳೆಯುವಲ್ಲಿ ಹತ್ತು ನಿಮಿಷ ಜೋರಾಗಿ ನೀರು ಹೊಡೆಸಿ ನೋಡಿದರೆ ಒಂದು ಹನಿಯೂ ಒಳಗೆ ಬರಲಿಲ್ಲ. ಸರಿಹೋಯಿತೆಂದು ಹಣ ಕೊಟ್ಟು ಬಂದೆವು. ಮರುದಿನವೇ ಮಳೆ. ಹಂಪಿಗೆ ಹೊರಟಿದ್ದ ವೃದ್ಧ ದಂಪತಿಗಳು ವಿರೂಪಾಕ್ಷನ ಪೂಜೆಗೆಂದು ತಂದಿದ್ದ ರೇಷ್ಮೆಸೀರೆಯ ಚೀಲವನ್ನು ಕಾಲಬಳಿ ಇಟ್ಟಿದ್ದರು. ಸೀರೆಯ ಅಂಚಿಗೆ ಕೆಂಪು ಕಲೆಯಾಯಿತು. ಅವರು ಸಜ್ಜನರು, ಜಗಳವಾಡಲಿಲ್ಲ. ತಂದೆಯವರು ಬಾಡಿಗೆ ತೆಗೆದುಕೊಳ್ಳಲಿಲ್ಲ. ಮೂರು ದಿನ ಕಾರನ್ನು ಹೊರಗೆ ತೆಗೆಯಲಿಲ್ಲ.

ನಮ್ಮ ಕಾರಿನ ಸೋರಿಕೆ ಹೀಗಿರುವಾಗಲೇ ಊರಿನ ಸೋರಿಕೆಯೊಂದು ಬಂದು ಎಲ್ಲವನ್ನೂ ಮರೆಸಿಬಿಟ್ಟಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದುದು ವಾಚಕರಿಗೆ ನೆನಪಿರಬಹುದು. ಒತ್ತಡ ತಗ್ಗಿಸಲೆಂದು ಉಳಿದ ಗೇಟುಗಳನ್ನೂ ಎತ್ತಿ, ತುಂಬಿದ್ದ ನೀರನ್ನು ಹೊಳೆಗೆ ಬಿಡಬೇಕಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ನೀರು ಧುಮುಕುತ್ತಿರುವಾಗಲೇ ಉಕ್ಕಿನ ಐದು ತುಂಡುಗಳನ್ನು ಒಂದರ ಮೇಲೊಂದು ಇಳಿಸಿ, ಸುಮಾರು ಒಂದು ವಾರದಲ್ಲಿ ಆ ಬಾಯನ್ನು ಮುಚ್ಚಿದರು. ಆ ವಾರ ಹೊಸಪೇಟೆಯ ಚಹದಂಗಡಿಗಳಲ್ಲಿ ಎಂಜಿನಿಯರನಲ್ಲದ ಮನುಷ್ಯನೊಬ್ಬನೂ ಸಿಕ್ಕುತ್ತಿರಲಿಲ್ಲ. 133 ಟಿ.ಎಂ.ಸಿ. ಹಿಡಿಯಲೆಂದು ಕಟ್ಟಿದ ಜಲಾಶಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿರುವ ಮಾತೂ ಅಲ್ಲಿ ಬರುತ್ತಿತ್ತು. ಹೂಳೆಂಬ ಆ ಮಾತು ನನ್ನ ಕಿವಿಗೂ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಅದು ತಲೆಗೆ ಹೋದದ್ದು ಹಂಪಿಯಲ್ಲಿ. ಬಾಡಿಗೆಯವರನ್ನು ಇಳಿಸಿ ನಾನೂ ತಂದೆಯವರೂ ಮಳೆಗೆ ಒಂದು ಮಂಟಪದಲ್ಲಿ ನಿಂತಿದ್ದೆವು. ಚಾವಣಿಯ ಎರಡು ಕಲ್ಲುಗಳ ಸಂದಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅಲ್ಲಿದ್ದ ಕಾವಲುಗಾರರು ಆ ಸಂದನ್ನು ನೋಡಲೇ ಇಲ್ಲ. ಉದ್ದನೆಯ ಕೋಲು ತೆಗೆದುಕೊಂಡು ಮಳೆಯಲ್ಲೇ ಹೊರಗೆ ಹೋಗಿ, ಮಂಟಪದ ಇನ್ನೊಂದು ಮೂಲೆಯಲ್ಲಿದ್ದ ಕಲ್ಲಿನ ಹರಿನಾಳಿಗೆಗೆ ತಿವಿದರು. ಒಣಎಲೆಯ ಮುದ್ದೆಯೊಂದು ಹೊರಬಿದ್ದು ನೀರು ಭೋರೆಂದು ಸುರಿಯಿತು. ಸ್ವಲ್ಪ ಹೊತ್ತಿನಲ್ಲಿ ಒಳಗಿನ ತೊಟ್ಟಿಕೆ ನಿಂತಿತು. "ಸೋರೋದು ಇಲ್ಲಿ, ಕಟ್ಟಿರೋದು ಅಲ್ಲಿ," ಎಂದು ಕೋಲನ್ನು ಗೋಡೆಗೆ ಒರಗಿಸಿ ಬೀಡಿ ಹಚ್ಚಿದರು. ನಾನು ಇತಿಹಾಸದ ವಿದ್ಯಾರ್ಥಿ. ಆಕರ ಸಿಕ್ಕ ಸ್ಥಳವೇ ಘಟನೆಯ ಸ್ಥಳವೆಂದು ನಂಬಬೇಡಿರೆಂದು ನಮ್ಮ ಮೇಷ್ಟರು ವರ್ಷವೆಲ್ಲ ಹೇಳಿದ್ದು ಅಂದು ಬೀಡಿಯ ಹೊಗೆಯಲ್ಲಿ ನನಗೆ ಅರ್ಥವಾಯಿತು.

ಶನಿವಾರ ಸಂಜೆಯೇ ನೆಲಹಾಸನ್ನು ಕಿತ್ತೆನು. ಅದರ ಕೆಳಗೆ ಬೆರಳುದಪ್ಪದ ಗೋಣಿಯಂಥ ಮೆತ್ತೆ. ನೀರು ಕುಡಿದು ಒಂದು ಎಳೆಗರುವಿನಷ್ಟು ಭಾರವಾಗಿತ್ತು. ಬಕೆಟ್ಟಿಗೆ ಹಿಂಡಿದರೆ ಕೆಂಪು ನೀರು. ಸೀರೆಯ ಅಂಚಿನ ಕಲೆ ನೆನಪಾಯಿತು. ಇದು ಏಸಿಯಿಂದ ಇಳಿದ ನೀರಲ್ಲ, ಅದು ತಿಳಿಯಾಗಿರುತ್ತದೆ. ರೇಡಿಯೇಟರಿನದಲ್ಲ, ಅದು ಅಂಟಾಗಿ ಸಿಹಿವಾಸನೆ ಹೊಡೆಯುತ್ತದೆ. ಹೊಳೆ ಇಳಿದ ಮೇಲೆ ಕಂಪ್ಲಿಯ ಸೇತುವೆ ದಾಟಿದಾಗ ಕೆಳಗಿನಿಂದ ನುಗ್ಗಿರಬಹುದೆಂಬ ತಂದೆಯವರ ಊಹೆಯೂ ನಿಲ್ಲಲಿಲ್ಲ, ಏಕೆಂದರೆ ನಿಂತ ಕಾರೂ ಒದ್ದೆಯಾಗಿತ್ತು. ಒಣಗಿದ ಮೇಲೆ ಬಕೆಟ್ಟಿನ ತಳದಲ್ಲಿ ಉಳಿದ ಪುಡಿಯನ್ನು ಬೆರಳಲ್ಲಿ ಉಜ್ಜಿದೆನು. ಸಣ್ಣಗೆ ಮಿರುಗುವ, ತೂಕದ, ಗಾಢ ಕೆಂಪು ಧೂಳು. ಅದಿರಿನ ಲಾರಿಗಳ ಹಿಂದೆ ಸಂಡೂರಿನ ರಸ್ತೆಯಲ್ಲಿ ಒಮ್ಮೆ ಹೋದವರಿಗೆ ಆ ಧೂಳಿನ ಪರಿಚಯ ಮಾಡಿಸಬೇಕಿಲ್ಲ.

ಭಾನುವಾರ ಬೆಳಗ್ಗೆ ತಂಗಿಯನ್ನು ಟಾರ್ಚು ಕೊಟ್ಟು ಒಳಗೆ ಕೂರಿಸಿ, ಬರಿಯ ತಗಡಿನ ಮೇಲೆ ಹಳೆಯ ಪತ್ರಿಕೆಗಳನ್ನು ಹಾಸಿದೆನು. ಬಾಗಿಲುಗಳ ರಬ್ಬರಿನ ಗುಂಟ ಸೀಮೆಸುಣ್ಣದ ಪುಡಿ ಸವರಿದೆನು. (ಸೀಮೆಸುಣ್ಣ ಎಲ್ಲಿಂದ ಬಂತೆಂದು ಅಧ್ಯಾಪಕರು ಕೇಳಬಾರದು.) ಮೊದಲೇ ಮೇಲಿನಿಂದ ಸುರಿದರೆ ಎಲ್ಲವೂ ತೊಯ್ದು ಏನೂ ತಿಳಿಯದೆಂದು ಕೆಳಗಿನಿಂದ ತೊಡಗಿ, ಹೊಸ್ತಿಲು, ಬಾಗಿಲು, ಗಾಜು, ಮೇಲ್ಚಾವಣಿ, ಒಂದೊಂದಕ್ಕೂ ಹತ್ತು ನಿಮಿಷ ಪೈಪು ಹಿಡಿದೆನು. ಪುಡಿ ಒಂದೆಡೆಯೂ ಕದಡಲಿಲ್ಲ. ಪತ್ರಿಕೆ ಒಣಗಿಯೇ ಇತ್ತು. ತಂಗಿ ಅದನ್ನು ಓದತೊಡಗಿದಳು.

ಆಗ ಹೊಳೆಯಿತು: ನಾವು ಕಾರನ್ನು ಸಮನೆಲದಲ್ಲಿ ನಿಲ್ಲಿಸಿದ್ದೆವು, ತೊಳೆಯುವಲ್ಲಿದ್ದಂತೆಯೇ. ಮಳೆಯಲ್ಲಿ ಅದು ನಿಲ್ಲುವುದು ಬೇವಿನ ಮರದಡಿ. ಅಲ್ಲಿ ನೆಲ ಮುಂದಕ್ಕೂ ಎಡಕ್ಕೂ ಇಳಿಜಾರು. ಅಲ್ಲಿಗೇ ತಳ್ಳಿ, ಮುಂಗಾಜಿನ ಬುಡಕ್ಕೆ, ವೈಪರುಗಳ ಕೆಳಗಿನ ಕಪ್ಪು ಜಾಲರಿಗೆ ನೀರು ಬಿಟ್ಟೆನು. ಐದು ನಿಮಿಷವಾಗಿರಲಿಲ್ಲ.

"ಅಣ್ಣಾ, ಬಂತು! ಕೆಂಪಗೆ ಬಂತು!"

ಡ್ಯಾಶ್‌ಬೋರ್ಡಿನ ಎಡಗಡೆ ಅಡಿಯಲ್ಲಿರುವ ಗಾಳಿಯ ಫ್ಯಾನಿನ ಡಬ್ಬಿಯಿಂದ ನೀರು ಇಳಿಯುತ್ತಿತ್ತು. ವೈಪರು ಬಿಚ್ಚಿ ಜಾಲರಿ ಎತ್ತಿದೆವು. ಅದರ ಕೆಳಗೊಂದು ತಗಡಿನ ದೋಣಿಯುಂಟು. ಗಾಜಿನಿಂದ ಇಳಿದ ಮಳೆನೀರು ಅದರಲ್ಲಿ ಸೇರಿ, ಎರಡು ತುದಿಗಳ ರಂಧ್ರಗಳಿಂದ ನೆಲಕ್ಕೆ ಹೋಗಬೇಕು. ಒಳಗೆ ಗಾಳಿ ಎಳೆದುಕೊಳ್ಳುವ ಬಾಯಿಯೂ ಅದೇ ದೋಣಿಯಲ್ಲಿ, ತುಸು ಎತ್ತರದ ಅಂಚಿನೊಡನೆ ಇದೆ. ಎಡಗಡೆಯ ರಂಧ್ರವೆಂಬುದು ಇತ್ತೆಂದೇ ತಿಳಿಯುತ್ತಿರಲಿಲ್ಲ. ಸಂಡೂರಿನ ಧೂಳು, ಬೇವಿನೆಲೆ, ಇವೆರಡನ್ನೂ ಬೆಸೆದ ಚೆಂಡುಹೂವಿನ ಎಸಳುಗಳು! ವರ್ಷವರ್ಷವೂ ಆಯುಧಪೂಜೆಗೆ ತಂದೆಯವರೇ ಭಕ್ತಿಯಿಂದ ಕಟ್ಟಿದ ಹಾರದ ಹೂವು ಅಲ್ಲಿ ಕೊಳೆತು ಬೆಣೆಯಂತೆ ಕೂತಿತ್ತು. ನೀರು ಹೋಗಲು ದಾರಿಯಿಲ್ಲದೆ ಏರಿ, ಗಾಳಿಯ ಬಾಯಿಯನ್ನು ದಾಟಿ, ಮೆತ್ತೆಯ ಕೆಳಗೆ ಇಳಿಯುತ್ತಿತ್ತು. ಸಂಡೂರಿನ ಏರು ಹತ್ತುವಾಗ ಅದೇ ನೀರು ಹಿಂದಕ್ಕೆ ಹರಿದು ಹಿಂಬಾಗಿಲಿಗೆ ಕೆಟ್ಟ ಹೆಸರು ತಂದಿತ್ತು.

ತಂತಿಯಿಂದ ತಿವಿದು, ಚಮಚದಿಂದ ಕೆರೆದು ತೆಗೆದ ಹೂಳು ಸರಿಯಾಗಿ ಒಂದು ತಂಬಿಗೆಯಷ್ಟಾಯಿತು. ಮತ್ತೆ ನೀರು ಬಿಟ್ಟರೆ ಎಡಚಕ್ರದ ಹಿಂದಿನಿಂದ ಧಾರೆಯಾಗಿ ನೆಲಕ್ಕೆ ಬಿತ್ತು. ಖರ್ಚು ಏನೂ ಇಲ್ಲ. ತಂದೆಯವರು ಆ ಹೂಳನ್ನು ಎಸೆಯಗೊಡದೆ ಒಂದು ಪ್ಲಾಸ್ಟಿಕ್ ಚೀಲಕ್ಕೆ ತುಂಬಿಸಿ ಬಾಯಿ ಕಟ್ಟಿದರು.

ಮೆತ್ತೆ ಒಣಗಿದ ಮೇಲೆ ಕಂಪ್ಲಿಗೆ ಹೋದೆವು. ತಂದೆಯವರು ಅಜ್ಜಿಯ ಮುಂದೆ ಚೀಲ ಬಿಚ್ಚಿ, ದೋಣಿ, ರಂಧ್ರ, ಗಾಳಿಯ ಬಾಯಿ ಎಲ್ಲವನ್ನೂ ಕೈಸನ್ನೆಯೊಡನೆ ವಿವರಿಸಿದರು. ತಪ್ಪಾಯಿತೆಂಬ ಮಾತೊಂದನ್ನು ಬಿಟ್ಟು ಅವರು ಹೇಳದೆ ಉಳಿಸಿದ್ದು ಏನೂ ಇಲ್ಲ. ಅಜ್ಜಿ ಹೊಸ ಕಣ್ಣಿನಿಂದ ಆ ಕೆಸರನ್ನು ಬಗ್ಗಿ ನೋಡಿದರು.

"ಹಂಗಾದ್ರೆ ಮುಗಿಲಿಂದಾನೇ ಬಿದ್ದದ್ದು ಅನ್ನು."

"ಹೂಂ ಅವ್ವಾ. ಮುಗಿಲಿಂದಾನೇ."

ಅಜ್ಜಿ ಎದ್ದು ಒಳಗೆ ಹೋದರು. ತಂಬಿಗೆಯನ್ನು ಕಂಠದವರೆಗೆ ತುಂಬಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕುಳಿತರು. ಕಮಲಾಪುರದ ಹತ್ತಿರ ಮಳೆ ಹಿಡಿಯಿತು. ಅಜ್ಜಿ ಚಪ್ಪಲಿ ಬಿಟ್ಟು ಬರಿಗಾಲನ್ನು ನೆಲಹಾಸಿನ ಮೇಲೆ ಊರಿದ್ದನ್ನು ನಾನು ಹಿಂದಿನಿಂದ ನೋಡಿದೆನು. ಅಷ್ಟರಲ್ಲಿ ಕಾರು ಒಂದು ಗುಂಡಿಗೆ ಇಳಿದು ಎದ್ದಿತು. ತಂಬಿಗೆಯಿಂದ ಒಂದು ಬೊಗಸೆ ನೀರು ನೆಲಹಾಸಿನ ಮೇಲೆ ತುಳುಕಿತು. ತಂದೆಯವರು ಅದನ್ನು ನೋಡಿದರು; ರಸ್ತೆಯ ಕಡೆಗೆ ತಿರುಗಿ ವೈಪರನ್ನು ಇನ್ನಷ್ಟು ಜೋರು ಮಾಡಿದರು.