ಹೊಗೆಯೂರಿನ ಹೊಸ್ತಿಲುಗಳು

ಮ್ಯಾಂಚೆಸ್ಟರ್ ಎಂಬ ಹೆಸರು ನಮ್ಮ ನಾಡಿನ ಹಳೆಯ ಮನೆಗಳಿಗೆ ಹೊಸದಲ್ಲ. ಅಜ್ಜಂದಿರು ಉಟ್ಟ ಪಂಚೆಯಲ್ಲಿ, ಅಜ್ಜಿಯರ ಪೆಟ್ಟಿಗೆಯ ತಳದಲ್ಲಿ ಮಡಿಸಿಟ್ಟ ಮಲ್ಲಿನ ತುಂಡಿನಲ್ಲಿ ಆ ಊರು ನಮ್ಮ ಮನೆಗಳನ್ನು ಹೊಕ್ಕಿತ್ತು. 1861ರಿಂದ 1865ರವರೆಗೆ ಅಮೆರಿಕೆಯಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಬಾರದೆ ಹೋದಾಗ, ಆ ಸೀಮೆಯ ಗಿರಣಿಯವರ ಕಣ್ಣು ನಮ್ಮ ಧಾರವಾಡದ ಎರೆನೆಲದ ಮೇಲೆ ಬಿದ್ದಿತು. ಆ ಹತ್ತಿಯನ್ನು ಹಡಗಿಗೇರಿಸಲೆಂದೇ ಕಾರವಾರದ ರೇವನ್ನು ಬೆಳೆಸುವ ಆಲೋಚನೆ ನಡೆಯಿತು. ಹೀಗೆ ಬಟ್ಟೆಯ ಮೂಲಕ ಪರಿಚಿತವಾಗಿದ್ದ ಊರನ್ನು ಕಣ್ಣಾರೆ ಕಾಣುವ ಯೋಗ ನಮಗೆ ಒದಗಿದಾಗ, ಅದನ್ನು ನೆಯ್ದ ಕೈಗಳು ಎಂತಹ ಮನೆಗಳಲ್ಲಿ ಬಾಳಿದುವು ಎಂದು ತಿಳಿಯುವ ಕುತೂಹಲವೇ ನಮ್ಮಲ್ಲಿ ಹೆಚ್ಚಾಗಿತ್ತು.

ಇರ್ವೆಲ್ ಎಂಬ ಸಣ್ಣ ಹೊಳೆಯ ಒಂದು ದಡದಲ್ಲಿ ಮ್ಯಾಂಚೆಸ್ಟರ್, ಇನ್ನೊಂದು ದಡದಲ್ಲಿ ಸಾಲ್ಫರ್ಡ್. ಹೊರಗಿನಿಂದ ಬಂದವನಿಗೆ ಇವೆರಡೂ ಒಂದೇ ಊರಾಗಿ ತೋರುತ್ತವೆ. ಆದರೆ ಸಾಲ್ಫರ್ಡಿನವರ ಮುಂದೆ ಹಾಗೆಂದವನು ಉಳಿದ ಮಾತನ್ನು ತಾನೊಬ್ಬನೇ ಆಡಿಕೊಳ್ಳಬೇಕಾದೀತು. ಸಮುದ್ರ ಬಹುದೂರವಿದ್ದರೂ, 36 ಮೈಲಿಗಳ ಕಾಲುವೆಯನ್ನು ತೋಡಿ 1894ರಲ್ಲಿ ಸಮುದ್ರದ ಹಡಗುಗಳನ್ನು ಇಲ್ಲಿಯವರೆಗೆ ತಂದರು. ಆ ಹಡಗುಕಟ್ಟೆಗಳು 1982ರಲ್ಲಿ ಮುಚ್ಚಿದುವು. ಈಗ ಆ ನೀರಿನ ಅಂಚಿನಲ್ಲಿ ಗಾಜಿನ ಸೌಧಗಳು ಎದ್ದಿವೆ; ಗಿರಣಿಯ ಕೊಳವೆಗಳನ್ನೂ ಕಡ್ಡಿಯಂತಹ ಜನರನ್ನೂ ಬರೆದು ಪ್ರಸಿದ್ಧನಾದ ಲೌರಿ ಎಂಬ ಚಿತ್ರಕಾರನ ಹೆಸರಿನ ಕಲಾಮಂದಿರವೊಂದು 2000ರಿಂದ ಅಲ್ಲಿದೆ. ಹೊಗೆಯಂತೂ ಈಗ ಚಿತ್ರಗಳಲ್ಲಿ ಮಾತ್ರ ಉಳಿದಿದೆ.

ನಾವು ಇಳಿದುಕೊಂಡಿದ್ದ ಮನೆಯ ನೆರೆಯಲ್ಲಿ ಒಬ್ಬ ವೃದ್ಧರಿದ್ದರು. ಅವರೂ ಅವರ ಅಕ್ಕನೂ ಹಡಗುಕಟ್ಟೆಯ ಸಮೀಪದ ಒಂದು ಬೀದಿಯಲ್ಲಿ ಹುಟ್ಟಿ ಬೆಳೆದವರು. ಅಕ್ಕನಿಗೆ ಎಂಬತ್ತು ದಾಟಿತ್ತು. ತಮ್ಮನು ಮೂರು ವರ್ಷ ಕಿರಿಯರು. ನಮ್ಮ ಕುತೂಹಲವನ್ನು ಅರಿತು ಅವರಿಬ್ಬರೂ ಒಂದು ಮಳೆಯ ದಿನ ನಮ್ಮನ್ನು ಊರಿನ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದರು. ಹಳೆಯ ಬೀದಿಗಳನ್ನು ಕೆಡವುತ್ತಿದ್ದ ಕಾಲದಲ್ಲಿ ಅಲ್ಲಿಯ ಅಂಗಡಿಗಳ ಮುಂಭಾಗಗಳನ್ನು ಉಳಿಸಿ ತಂದು, 1957ರಲ್ಲಿ ಆ ಕಟ್ಟಡದ ಒಳಗೇ ಒಂದು ಬೀದಿಯನ್ನು ಜೋಡಿಸಿಟ್ಟಿದ್ದಾರೆ. ಲಾರ್ಕ್ ಹಿಲ್ ಪ್ಲೇಸ್ ಎಂದು ಅದರ ಹೆಸರು. ಅದು ಇವರ ಕಾಲಕ್ಕಿಂತ ಅರ್ಧ ಶತಮಾನ ಹಿಂದಿನ ಬೀದಿ. ಆದರೂ ಅದನ್ನು ಹೊಕ್ಕೊಡನೆ ಇಬ್ಬರ ನಾಲಗೆಯೂ ಸಡಿಲಿತು.

ತಮ್ಮನ ಮಾತು ಮೊದಲು. ಅವರ ಮನೆ, ಸಾವಿರಾರು ಇತರ ಮನೆಗಳಂತೆ, ಕೆಳಗೆರಡು ಮೇಲೆರಡು ಕೋಣೆಗಳುಳ್ಳದ್ದು. ಗೋಡೆಗೆ ಗೋಡೆ ಅಂಟಿ ಬೀದಿಯುದ್ದಕ್ಕೂ ಒಂದೇ ಸಾಲು. ಶೌಚಗೃಹ ಹಿತ್ತಿಲ ಅಂಗಳದಲ್ಲಿ. ಸ್ನಾನದ ತಗಡಿನ ತೊಟ್ಟಿ ಹಿಂದಿನ ಗೋಡೆಯ ಮೊಳೆಗೆ ತೂಗಿರುತ್ತಿತ್ತು. ವಾರಕ್ಕೊಮ್ಮೆ ಅದನ್ನು ಒಲೆಯ ಮುಂದೆ ಇಳಿಸಿ, ಅದೇ ನೀರಿನಲ್ಲಿ ಒಬ್ಬರಾದ ಮೇಲೊಬ್ಬರು ಮೀಯುವುದು. ಬೀದಿಯೇ ಮಕ್ಕಳ ಮೈದಾನ. ದೀಪದ ಕಂಬಕ್ಕೆ ಹಗ್ಗ ಕಟ್ಟಿ ಉಯ್ಯಾಲೆ. ಕೊನೆಯ ಮನೆಯ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದ ಮೂರು ಗೀರುಗಳೇ ಕ್ರಿಕೆಟ್ಟಿನ ವಿಕೆಟ್ಟು. ಇದನ್ನು ಕೇಳಿ ನಾವು ನಕ್ಕೆವು. ಬಸವನಗುಡಿಯ ಓಣಿಗಳಲ್ಲಿ ನಾವು ಇದ್ದಿಲಿನಿಂದ ಬರೆದದ್ದೂ ಅವೇ ಮೂರು ಗೀರುಗಳು!

1953ರ ಫೆಬ್ರವರಿಯಲ್ಲಿ ಮಿಠಾಯಿಯ ಮೇಲಿನ ಪಡಿತರದ ಕಟ್ಟು ತೆಗೆದ ದಿನವನ್ನು ಅವರು ನಿನ್ನೆಯದೆಂಬಂತೆ ಬಣ್ಣಿಸಿದರು. ಯುದ್ಧ ಮುಗಿದು ಏಳು ವರ್ಷ ಕಳೆದಿದ್ದರೂ ಅಲ್ಲಿಯವರೆಗೆ ಚೀಟಿಯಿಲ್ಲದೆ ಮಗುವಿಗೊಂದು ಮಿಠಾಯಿ ಸಿಗುತ್ತಿರಲಿಲ್ಲ. ಅದೇ ವರ್ಷ ಜೂನ್ 2ರಂದು ರಾಣಿಯ ಪಟ್ಟಾಭಿಷೇಕವಾಯಿತು. ಬೀದಿಯ ಮಧ್ಯದಲ್ಲಿ ಮನೆಮನೆಯ ಮೇಜುಗಳನ್ನು ಜೋಡಿಸಿ ಮಕ್ಕಳಿಗೆಲ್ಲ ಒಟ್ಟಿಗೆ ಊಟವಿಕ್ಕಿದರು. ನವೆಂಬರ್ 5ರ ಬೆಂಕಿಹಬ್ಬಕ್ಕೆ ವಾರಗಟ್ಟಲೆ ಮುಂಚೆ ಕಟ್ಟಿಗೆ ಕೂಡಿಡುವುದು. ಪಕ್ಕದ ಬೀದಿಯ ಹುಡುಗರು ಕದಿಯದಂತೆ ಕಾವಲಿರುವುದು. ನಮ್ಮ ಕಾಮದಹನದ ಹುಡುಗರಿಗೆ ಈ ವಿದ್ಯೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಈಸ್ಟರ್ ಕಳೆದ ಏಳನೆಯ ವಾರದಲ್ಲಿ ವಿಟ್ಸನ್ ಹಬ್ಬ. ಹೊಸ ಉಡುಪು ತೊಟ್ಟ ಮಕ್ಕಳು ನೆರೆಹೊರೆಗೆ ತೋರಿಸಿಬರಲು ಹೊರಟರೆ, ಪ್ರತಿ ಮನೆಯವರೂ ಜೇಬಿಗೆ ಒಂದು ಪೆನ್ನಿಯನ್ನು ಹಾಕಿ ಹರಸುತ್ತಿದ್ದರಂತೆ. ಆಗ 240 ಪೆನ್ನಿಗೆ ಒಂದು ಪೌಂಡು. ನಮ್ಮ 192 ಕಾಸಿನ ರೂಪಾಯಿಯನ್ನು ಬಲ್ಲವರಿಗೆ ಆ ಲೆಕ್ಕದ ಗೋಜಲು ಗೊತ್ತೇ ಇದೆ.

"ಬೀಗವೆಂಬುದನ್ನು ನಾವು ಅರಿಯೆವು. ಎಲ್ಲರ ಬಾಗಿಲೂ ತೆರೆದಿತ್ತು. ಅಂತಹ ದಿನಗಳು ಮತ್ತೆ ಬಾರವು" ಎಂದು ತಮ್ಮನು ನಿಟ್ಟುಸಿರಿಟ್ಟರು.

"ಬೀಗ ಹಾಕಿ ಕಾಯುವಂತಹದು ಒಳಗೇನಿತ್ತು?" ಎಂದರು ಅಕ್ಕ.

ಅಲ್ಲಿಂದ ಮುಂದೆ ಅದೇ ಬೀದಿ ನಮ್ಮ ಕಣ್ಣಿಗೆ ಬೇರೆಯಾಗಿ ಕಾಣತೊಡಗಿತು. ತಂದೆ ಹಡಗುಕಟ್ಟೆಯ ಕೂಲಿ. ಕೆಲಸವಿದ್ದ ದಿನ ಸಂಬಳ. ತಾಯಿ ನೇಯ್ಗೆಯ ಗಿರಣಿಯಲ್ಲಿ. ಮನೆಯಲ್ಲಿ ಉಳಿದ ಹೆಣ್ಣುಮಗು ಎಂದರೆ ಇನ್ನೊಬ್ಬ ತಾಯಿಯೇ. ಸೋಮವಾರ ಒಗೆಯುವ ದಿನ: ನೀರು ಕಾಯಿಸಿ, ಮರದ ಕೊರಡಿನಿಂದ ಬಟ್ಟೆಯನ್ನು ಕುಟ್ಟಿ, ಉರುಳೆಯಂತ್ರದಲ್ಲಿ ಹಿಂಡಿ, ಹಿತ್ತಿಲ ಓಣಿಗೆ ಅಡ್ಡಲಾಗಿ ಕಟ್ಟಿದ ಹಗ್ಗಕ್ಕೆ ಹರವಬೇಕು. ಗಾಳಿ ಗಿರಣಿಯ ಕಡೆಯಿಂದ ಬೀಸಿದರೆ ಬಿಳಿಯ ಹಾಸಿಗೆಬಟ್ಟೆಯ ಮೇಲೆ ಮಸಿಯ ಹರಳು. ಮತ್ತೆ ಮೊದಲಿನಿಂದ ಒಗೆತ. ಹೊಗೆಯನ್ನು ತಡೆಯುವ ಕಾನೂನು ದೇಶಕ್ಕೆಲ್ಲ ಬಂದದ್ದು 1956ರಲ್ಲಿ. ಅದೇ ಸೋಮವಾರ ಕೆಲವು ಮನೆಗಳಿಂದ ಭಾನುವಾರದ ಉಡುಪು ಅಡವಿನಂಗಡಿಗೆ ಹೋಗುವುದು. ಶುಕ್ರವಾರ ಸಂಬಳ ಬಂದಾಗ ಬಿಡಿಸಿಕೊಂಡು ಬರುವುದು. ಬಾಗಿಲು ತೆರೆದಿದ್ದುದರಿಂದ ಇಂತಹ ಸಂಗತಿಗಳೂ ಯಾರಿಗೂ ಮರೆಯಾಗಿರಲಿಲ್ಲ.

ಒಳ್ಳೆಯದನ್ನೂ ಆಕೆ ಮುಚ್ಚಿಡಲಿಲ್ಲ. 1946ರ ಕಾನೂನಿನಂತೆ ಶಾಲೆಯಲ್ಲಿ ಪ್ರತಿ ಮಗುವಿಗೂ ದಿನಕ್ಕೆ ಮೂರನೆಯ ಒಂದು ಪೈಂಟು ಹಾಲು ಧರ್ಮಾರ್ಥವಾಗಿ ದೊರೆಯುತ್ತಿತ್ತು. 1948ರ ಜುಲೈ 5ರಂದು, ಅಲ್ಲಿಂದ ಕೆಲವೇ ಮೈಲಿ ದೂರದ ಡೇವಿಹ್ಯೂಮ್ ಆಸ್ಪತ್ರೆಯಲ್ಲಿ ಮಂತ್ರಿ ಅನ್ಯೂರಿನ್ ಬೆವನ್ ಅವರು ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಪ್ರಾರಂಭಿಸಿದರು. ಅನೇಕ ವರ್ಷ ಕಣ್ಣು ಕಿರಿದು ಮಾಡಿ ನೂಲು ಹುಡುಕುತ್ತಿದ್ದ ಅವರ ತಾಯಿಗೆ ಆಗ ಮೊದಲನೆಯ ಕನ್ನಡಕ ಬಂದಿತು. ಮಗಳ ಮುಖವನ್ನು ಬಹಳ ಹೊತ್ತು ನೋಡಿ, "ನಿನ್ನ ಮೂಗಿನ ಮೇಲೆ ಇಷ್ಟು ಮಚ್ಚೆಗಳಿವೆಯೇ!" ಎಂದಳಂತೆ.

ಹನ್ನೊಂದನೆಯ ವಯಸ್ಸಿನಲ್ಲಿ ಆ ದೇಶದ ಮಕ್ಕಳಿಗೆಲ್ಲ ಒಂದು ಪರೀಕ್ಷೆ. ತೇರ್ಗಡೆಯಾದವರಿಗೆ ಮೇಲ್ದರ್ಜೆಯ ಗ್ರಾಮರ್ ಶಾಲೆ. ಉಳಿದವರಿಗೆ ಸಾಮಾನ್ಯ ಶಾಲೆ, ಹದಿನೈದಕ್ಕೆ ದುಡಿಮೆ. 1944ರ ಕಾನೂನಿನಿಂದ ಶುಲ್ಕವೇನೋ ಹೋಗಿತ್ತು. ಆಕೆ ತೇರ್ಗಡೆಯಾದರು. ಆದರೆ ಸಮವಸ್ತ್ರದ ಪಟ್ಟಿ ಬಂದಿತು: ಕೋಟು, ಟೋಪಿ, ಎರಡು ಬಗೆಯ ಪಾದರಕ್ಷೆ, ಆಟದ ಉಡುಪು. ತಂದೆ ಆ ಕಾಗದವನ್ನು ಎರಡು ಬಾರಿ ಓದಿ, ಗಡಿಯಾರದ ಹಿಂದೆ ಇಟ್ಟರು. ಆ ಮನೆಯಲ್ಲಿ ಗಡಿಯಾರದ ಹಿಂದೆ ಇಟ್ಟ ಕಾಗದ ಮತ್ತೆ ಹೊರಗೆ ಬರುತ್ತಿರಲಿಲ್ಲ. ಆಕೆ ಹದಿನೈದಕ್ಕೆ ಹೊಲಿಗೆಯ ಕಾರ್ಖಾನೆಗೆ ಸೇರಿ ಇತರರ ಮಕ್ಕಳ ಶಾಲೆಯ ಕೋಟುಗಳನ್ನು ಹೊಲಿದರು.

ತಮ್ಮನು ಅಕ್ಕನನ್ನು ನೋಡುತ್ತಾ ನಿಂತರು. "ನೀನು ತೇರ್ಗಡೆಯಾಗಿದ್ದೆಯೆಂದು ನನಗೆ ಯಾರೂ ಹೇಳಲಿಲ್ಲವಲ್ಲ!" ಎಂದರು.

"ನೀನು ಹೊರಗೆ ಆಡುತ್ತಿದ್ದೆ" ಎಂದರು ಅಕ್ಕ. ಆ ಮಾತಿನಲ್ಲಿ ಕಹಿಯಿರಲಿಲ್ಲ.

1960ರ ದಶಕದಲ್ಲಿ ಪೌರಸಭೆಯವರು ಆ ಬೀದಿಗಳನ್ನು ಕೆಡವಿ, ಜನರನ್ನು ಮುಗಿಲೆತ್ತರದ ಕಟ್ಟಡಗಳಿಗೆ ಸಾಗಿಸಿದರು. ಇವರ ತಾಯಿಗೆ ಬಹಳ ಎತ್ತರದ ಅಂತಸ್ತಿನಲ್ಲಿ ಮನೆ ದೊರೆಯಿತು. ಮೊದಲನೆಯ ರಾತ್ರಿ ಆಕೆ ಸ್ನಾನದ ಕೋಣೆಯ ಕೊಳಾಯಿಯನ್ನು ತಿರುಗಿಸಿ, ಬಿಸಿನೀರು ಕೈಗಳ ಮೇಲೆ ಹರಿಯುವುದನ್ನು ನೋಡುತ್ತಾ ಕುಳಿತಿದ್ದಳಂತೆ. ಆ ನೀರಿಗಾಗಿ ಯಾರೂ ಬಕೆಟ್ಟು ಹೊತ್ತಿರಲಿಲ್ಲ. ಅದು ಮಗಳು ಹೇಳಿದ ಮಾತು. ಮಗನು ಹೇಳಿದ್ದು ಇನ್ನೊಂದು. ಮಗ್ಗಗಳ ಅಬ್ಬರದಲ್ಲಿ ಮಾತು ಕೇಳದಿರುವುದರಿಂದ ನೇಯ್ಗೆಯ ಹೆಂಗಸರು ತುಟಿಗಳ ಚಲನೆಯಿಂದಲೇ ಮಾತನಾಡಿಕೊಳ್ಳುತ್ತಿದ್ದರು. ಹಳೆಯ ಬೀದಿಯಲ್ಲಿ ತಾಯಿ ಎದುರು ಮನೆಯಾಕೆಯೊಡನೆ, ಕಿಟಕಿಯಿಂದ ಕಿಟಕಿಗೆ, ದನಿಯಿಲ್ಲದೆ ಅರ್ಧಗಂಟೆ ಹರಟುತ್ತಿದ್ದಳು. ಹೊಸ ಮನೆಯ ಕಿಟಕಿಗೆ ಎದುರು ಮನೆಯೇ ಇರಲಿಲ್ಲ. ಆಕಾಶ ಮಾತ್ರ ಇತ್ತು.

ಬೀದಿಯ ಕೊನೆಯಲ್ಲಿ ಒಂದು ಬಾಗಿಲಿನ ಮುಂದೆ ಅಕ್ಕ ನಿಂತರು. ಆ ಊರಿನ ಗೃಹಿಣಿಯರು ಹೊಸ್ತಿಲ ಕಲ್ಲನ್ನು ಮಂಡಿಯೂರಿ ತೊಳೆದು, ಡಾಂಕಿ ಸ್ಟೋನ್ ಎಂಬ ಕಲ್ಲಿನಿಂದ ಅದರ ಅಂಚಿಗೆ ಬಿಳಿಯ ಇಲ್ಲವೆ ಹಳದಿಯ ಬಣ್ಣ ತೀಡುತ್ತಿದ್ದರು. ಹಳೆಯ ಚಿಂದಿಯನ್ನು ಕೊಟ್ಟರೆ ಗಾಡಿಯವನು ಆ ಕಲ್ಲನ್ನು ಕೊಡುತ್ತಿದ್ದನು. ಹೊಸ್ತಿಲು ಬೆಳಗದ ಮನೆಯನ್ನು ಬೀದಿಯೇ ಆಡಿಕೊಳ್ಳುತ್ತಿತ್ತು. ನಾವು ನಮ್ಮ ಕಡೆಯ ಕೆಮ್ಮಣ್ಣಿನ ಕಾರಣೆಯನ್ನೂ ರಂಗೋಲಿಯನ್ನೂ ಅವರಿಗೆ ವಿವರಿಸಿದೆವು. ಆಕೆ ಗಮನವಿಟ್ಟು ಕೇಳಿ, "ನಿಮ್ಮಲ್ಲಿಯೂ ಅದು ಹೆಣ್ಣುಮಗುವಿನ ಕೆಲಸವೇ?" ಎಂದು ಕೇಳಿದರು. ನಾವು ಹೌದೆಂದೆವು.

ಆಕೆ ಕೋಲನ್ನು ತಮ್ಮನ ಕೈಗೆ ಕೊಟ್ಟು, ನಿಧಾನವಾಗಿ ಬಾಗಿ, ಆ ಹೊಸ್ತಿಲಿನ ಅಂಚಿನ ಮೇಲೆ ಬೆರಳೆಳೆದು ನೋಡಿಕೊಂಡರು. "ಇದನ್ನು ಯಾರೂ ತೀಡಿಲ್ಲ" ಎಂದರು. ಹಾಗೆಂದು ಕೈಚೀಲದಿಂದ ಕರವಸ್ತ್ರವನ್ನು ತೆಗೆದು ಅಲ್ಲಿಯ ಧೂಳನ್ನು ಒರಸಿದರು. ತಮ್ಮನು ಸುಮ್ಮನೆ ಆಕೆಯ ತೋಳನ್ನು ಹಿಡಿದುಕೊಂಡಿದ್ದರು. ನಾವು ಹೊರಗೆ ಬಂದಾಗ ಮಳೆ ನಿಂತಿತ್ತು.