ಜೇಸನ್ ಮತ್ತು ನಮ್ಮೂರ ಕೆರೆ

'ಜೇಸನ್ ಎಕ್ಸ್' ಮೊದಲ ಸಲ ನೋಡಿದ್ದು ಬಿಇ ಮೂರನೇ ವರ್ಷದಲ್ಲಿ. ಹಾಸ್ಟೆಲ್ ರೂಮಿನ ಒಂದೇ ಕಂಪ್ಯೂಟರ್ ಮುಂದೆ ಹತ್ತು ಜನ ಒತ್ತಿಕೊಂಡು ಕೂತು, ನಕ್ಕೂ ನಕ್ಕೂ ಸುಸ್ತಾಗಿದ್ವಿ. 1980ರಲ್ಲಿ ಶುರುವಾದ 'ಫ್ರೈಡೇ ದಿ ಥರ್ಟೀನ್ತ್' ಸರಣಿಯ ಹತ್ತನೇ ಸಿನಿಮಾ ಅದು. ಅಷ್ಟೊತ್ತಿಗೆ ಕ್ಯಾಂಪು, ನ್ಯೂಯಾರ್ಕು, ಕೊನೆಗೆ ನರಕವೂ ಮುಗಿದಿತ್ತು. ಇನ್ನೆಲ್ಲಿಗೆ ಕಳಿಸೋದು? ಬಾಹ್ಯಾಕಾಶಕ್ಕೆ!

ಹೆಪ್ಪುಗಟ್ಟಿಸಿಟ್ಟಿದ್ದ ಜೇಸನ್ 2455ರಲ್ಲಿ ಒಂದು ನೌಕೆಯೊಳಗೆ ಎದ್ದು ಕೂರ್ತಾನೆ. ಭೂಮಿ ಹಾಳಾಗಿ ಜನ ಎರಡನೇ ಭೂಮಿ ಸೇರಿಕೊಂಡಿದ್ದಾರೆ. ಇವನ ಕಸುಬು ಮಾತ್ರ ಅದೇ. ಅವನನ್ನೇ ಚಿಂದಿ ಮಾಡಿದರೆ, ಗಾಯ ವಾಸಿ ಮಾಡುವ ನ್ಯಾನೋ ಯಂತ್ರಗಳು ಲೋಹ ಬೆರೆಸಿ ಇನ್ನೂ ಗಟ್ಟಿಯಾಗಿ ಕಟ್ಟಿಕೊಡುತ್ತವೆ. ನಮ್ಮ ಕೆಲವು ಬಗ್‌ಗಳ ಥರಾನೇ.

ಹೋದ ತಿಂಗಳು ರಾತ್ರಿ ಒಬ್ಬನೇ ಮತ್ತೆ ನೋಡಿದೆ. ಈ ಸಲ ಒಂದು ಕಡೆ ನಗು ನಿಂತುಹೋಯ್ತು. ಅವನ ಗಮನ ಬೇರೆಡೆ ಸೆಳೆಯೋಕೆ ನೌಕೆಯವರು ಹಳೇ ಕ್ರಿಸ್ಟಲ್ ಲೇಕನ್ನು ಕಂಪ್ಯೂಟರಿನಲ್ಲಿ ಸೃಷ್ಟಿಸ್ತಾರೆ. ನಾನೂರು ಚಿಲ್ಲರೆ ವರ್ಷ ದಾಟಿ ಬಂದವನು ಆ ಕೆರೆ ಕಂಡು ಅಲ್ಲೇ ನಿಲ್ತಾನೆ. ನೋಡಿಕೊಳ್ಳಬೇಕಾದವರು ನೋಡದೇ ಇದ್ದಾಗ ಅವನು ಹುಡುಗನಾಗಿ ಮುಳುಗಿದ ಕೆರೆ. ಮೊದಲ ಸಿನಿಮಾದಲ್ಲಿ ಕೊಲ್ಲೋದು ಜೇಸನ್ ಅಲ್ಲ, ಅವನ ಅಮ್ಮ. ಇದು ತುಂಬಾ ಜನಕ್ಕೆ ಮರೆತೇ ಹೋಗಿದೆ.

ನಮ್ಮೂರ ಕೆರೆಯಲ್ಲೂ ಒಬ್ಬ ಮುಳುಗಿದ. ಐದನೇ ಕ್ಲಾಸು, ನನ್ನ ಬೆಂಚಿನವನು. ದಡದಲ್ಲಿ ಅವನ ಬಟ್ಟೆ ಕಾಯ್ತಾ ಕೂತಿದ್ದವನು ನಾನು. ಎಷ್ಟು ಹೊತ್ತು ಉಸಿರು ಕಟ್ಟುತ್ತಾನೆ ನೋಡೋಣ ಅಂತ ಎಣಿಸ್ತಿದ್ದೆ. ನೂರು ದಾಟಿದ ಮೇಲೆ ಕೂಗಿಕೊಂಡೆ. 'ಕೆರೆಯಮ್ಮ ಕರ್ಕೊಂಡ್ಲು' ಅಂದ್ರು ಎಲ್ಲರೂ. ಯಾರೂ ನನ್ನನ್ನ ಏನೂ ಕೇಳಲಿಲ್ಲ. ಕೇಳಿದ್ದಿದ್ರೆ ಅಲ್ಲಿಗೇ ಮುಗೀತಿತ್ತೇನೋ.

ಊರು ಬಿಟ್ಟು ಬೆಂಗಳೂರಿಗೆ ಬಂದೆ, ಎರಡು ವರ್ಷ ಅಮೆರಿಕಕ್ಕೂ ಹೋಗಿ ಬಂದೆ. ಈಗ ಅಪಾರ್ಟ್‌ಮೆಂಟಿನ ಈಜುಕೊಳದಲ್ಲಿ ಮಗಳು ತಲೆ ಮುಳುಗಿಸಿದರೆ ಎಣಿಕೆ ತಾನಾಗೇ ಶುರುವಾಗುತ್ತೆ. ಹತ್ತಕ್ಕೇ ಕಿರುಚ್ತೀನಿ. 'ಅಪ್ಪಾ, ಸುಮ್ನಿರಪ್ಪಾ, ಎಲ್ರೂ ನೋಡ್ತಾರೆ' ಅಂತಾಳೆ.

ಸಿನಿಮಾದ ಕೊನೆಯಲ್ಲಿ ಜೇಸನ್ ಉರಿಯುತ್ತಾ ಎರಡನೇ ಭೂಮಿ ಕಡೆಗೆ ಬೀಳ್ತಾನೆ. ಕೆಳಗೆ ಕೂತ ಜೋಡಿಗೆ ಅದು ಉಲ್ಕೆ. ಮುಖವಾಡ ಮಾತ್ರ ಒಂದು ಕೆರೆಯ ತಳ ಸೇರುತ್ತೆ. ಅಷ್ಟು ದೂರ ಹೋದರೂ ಕೆರೆ ತಪ್ಪಲಿಲ್ಲ ನೋಡಿ.

ದಸರಾಕ್ಕೆ ಊರಿಗೆ ಹೋಗ್ತಿದೀನಿ. ಅವನ ಅಮ್ಮ ಈಗಲೂ ಅದೇ ಮನೆಯಲ್ಲಿದ್ದಾರೆ. ನಾನು ನೂರರವರೆಗೆ ಎಣಿಸಿದ್ದು ಅವರಿಗೆ ಇನ್ನೂ ಗೊತ್ತಿಲ್ಲ.